ಕೊಳಕ್ಕೆ ಬಿಡದ ಜೀವ

ನಮ್ಮತ್ತೆ ಮೈಲಾಪುರಕ್ಕೆ ಬಂದು ಎಷ್ಟೋ ವರ್ಷಗಳಾದರೂ ಧಾರವಾಡದ ಮಾತು ಬಿಟ್ಟಿಲ್ಲ. ಸಂಜೆ ಗುಡಿಯ ಕೊಳದ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುವುದು ಅವರ ನೇಮ. ಮಾರುವವಳು ಅದನ್ನು ತಮಿಳಿನಲ್ಲಿ ಪೊರಿ ಅನ್ನುತ್ತಾಳೆ, ಅತ್ತೆ ಚುರಮರಿ ಅನ್ನುತ್ತಾರೆ, ವ್ಯಾಪಾರ ಸುಸೂತ್ರವಾಗಿ ನಡೆಯುತ್ತದೆ. ನಾವು ಲಿಂಗಾಯತರು. ಅಡುಗೆಮನೆಯ ಇರುವೆ ಸಾಲನ್ನೂ ಅತ್ತೆ ಅರಿಸಿನ ಉದುರಿಸಿ ಬೇರೆ ದಾರಿಗೆ ತಿರುಗಿಸುತ್ತಾರೆಯೇ ಹೊರತು ಗುಡಿಸಿ ಹಾಕುವುದಿಲ್ಲ.

ಇಂಥ ಮನೆಗೆ ನನ್ನ ಮಗಳು ಒಂದು ಕ್ರೇಫಿಶ್ ತಂದಳು. ಏಡಿಯ ಕೊಂಡಿ, ಸಿಗಡಿಯ ಬಾಲ, ಮೈಯೆಲ್ಲ ಬೂದು ಪಟ್ಟೆ. ಮೀನಿನ ತೊಟ್ಟಿಯನ್ನು ಚೊಕ್ಕವಾಗಿಡುತ್ತದೆಂದು ಅಂಗಡಿಯವನು ಹೇಳಿದ್ದನಂತೆ. ಚೊಕ್ಕವೇನೋ ಆಯಿತು. ಮೊದಲು ನೀರುಗಿಡಗಳನ್ನು ಕತ್ತರಿಸಿತು, ಆಮೇಲೆ ಮೀನುಗಳು ಎಲೆಗೆ ಅಂಟಿಸಿದ್ದ ಮೊಟ್ಟೆಗಳನ್ನು ತಿಂದಿತು, ಕೊನೆಗೆ ತಳದಲ್ಲಿ ಮಲಗಿದ್ದ ಮೀನುಗಳನ್ನೇ ಹಿಡಿಯತೊಡಗಿತು. ನನಗೆ ಅದನ್ನು ಕಂಡರೇ ಆಗುತ್ತಿರಲಿಲ್ಲ. ಒಂದು ದಿನ ಅದರ ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು ಕಾಣಿಸಿತು. ಮರಿ ಮಾಡಲು ಈ ಜಾತಿಗೆ ಗಂಡಿನ ಹಂಗೇ ಇಲ್ಲ ಎಂದು ಓದಿ ಹೇಳಿದೆ. ನನ್ನ ಗಂಡ ಆ ಮಾತಿಗೆ ಕಾಫಿಪುಡಿ ತರುವ ನೆಪ ಹೇಳಿ ಜಾರಿಕೊಂಡರು.

ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಮೀನು ತಿನ್ನುವ ಪಕ್ಕದ ಮನೆಯವರಿಗೆ ಕೊಡೋಣವೆಂದರೆ ಅತ್ತೆ ಕಿವಿ ಮುಚ್ಚಿಕೊಂಡರು. ಕೊಳಕ್ಕೆ ಬಿಟ್ಟರೆ ಒಂದು ಜೀವ ಉಳಿಸಿದ ಪುಣ್ಯ ಬರುತ್ತದೆಂದು ಅವರೇ ತೀರ್ಮಾನಿಸಿದರು. ಹೊರಗಿನ ಈ ಪ್ರಾಣಿ ನೀರು ಸೇರಿದರೆ ಮರಿಮೀನು ಅಡಗುವ ಗಿಡವನ್ನೂ ಉಳಿಸುವುದಿಲ್ಲ, ಮೊಟ್ಟೆಯನ್ನೂ ಉಳಿಸುವುದಿಲ್ಲ, ಬೇರೆ ದೇಶಗಳ ಕೆರೆಗಳಲ್ಲಿ ಹೀಗೇ ಮೀನು ಕಡಿಮೆಯಾಗಿವೆ ಎಂದು ಬಿಡಿಸಿ ಹೇಳಿದೆ. ಅಷ್ಟು ದೊಡ್ಡ ಕೊಳದಲ್ಲಿ ಇದೊಂದು ಏನು ಮಾಡೀತು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಮಂಡಿನೋವಿನ ಮುದುಕಿ ಬಕೆಟ್ಟು ಹಿಡಿದು ಮೆಟ್ಟಿಲಿಳಿಯುವುದು ಬೇಡವೆಂದು ನಾನೇ ಹೊತ್ತು ಜೊತೆಗೆ ಹೋದೆ.

ಅತ್ತೆಯ ನೆರಳು ನೀರಿಗೆ ಬಿದ್ದದ್ದೇ ತಡ, ಮೀನುಗಳು ಬಾಯಿ ತೆರೆದುಕೊಂಡು ಕೆಳಗಿನ ಮೆಟ್ಟಿಲಿಗೆ ಮುತ್ತಿದವು. ಬೆರಳುದ್ದದ ಮರಿಗಳು ಕಲ್ಲಿನ ಸಂದಿಯಿಂದ ಹೊರಬಂದವು. ಬಕೆಟ್ಟಿನಲ್ಲಿ ಕ್ರೇಫಿಶ್ ಕೊಂಡಿಗಳನ್ನು ಎತ್ತಿ ನಿಂತಿತ್ತು. ಅತ್ತೆ ಬಕೆಟ್ಟನ್ನೊಮ್ಮೆ ಮರಿಗಳನ್ನೊಮ್ಮೆ ನೋಡಿದರು.

"ನನ್ನ ನಂಬಿ ಬಂದಾವ. ಇವನ್ನ ಕರದು ಇದರ ಬಾಯಿಗೆ ಕೊಡಲೇನವಾ?" ಎಂದರು.

ಬಕೆಟ್ಟು ಹಾಗೇ ಮನೆಗೆ ವಾಪಸಾಯಿತು. ಇಟ್ಟುಕೊಂಡರೆ ಆ ಮೊಟ್ಟೆಗಳೆಲ್ಲ ಮರಿಯಾಗುತ್ತವೆ, ಫ್ರೀಜರಿನಲ್ಲಿಟ್ಟರೆ ಮರಗಟ್ಟಿ ಮೆಲ್ಲಗೆ ಸಾಯುತ್ತದೆ, ನಾನೇ ಇಡುತ್ತೇನೆ ಎಂದೆ. ಮಗಳು ತಮಿಳಿನಲ್ಲಿ ಏನೋ ಗೊಣಗಿ, ಕಣ್ಣೊರೆಸಿಕೊಂಡು ಒಳಗೆ ಹೋದಳು. ಕ್ರೇಫಿಶ್ ಹಾಕಿದ್ದ ಸ್ಟೀಲ್ ಡಬ್ಬಿಯನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಂಡರು.

"ನೀ ಬ್ಯಾಡ. ಕೊಳಕ್ಕ ಬಿಡತೇನಿ ಅಂದಾಕಿ ನಾನು. ಪಾಪನೂ ನಂದ ಇರಲಿ."

ತೆಂಗಿನತುರಿಯ ಪೊಟ್ಟಣವನ್ನು ಹೊರಗೆ ತೆಗೆದು, ಆ ಜಾಗದಲ್ಲಿ ಡಬ್ಬಿ ಇಟ್ಟು ಬಾಗಿಲು ಹಾಕಿದರು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತವರು ಬೇಗ ಏಳಲಿಲ್ಲ. ಊಟವೂ ಬೇಡವೆಂದರು. ನನ್ನ ಸಿಟ್ಟೆಲ್ಲ ಇಳಿದು ಹೋಗಿ ಅವರನ್ನು ನೋಡಿ ಸಂಕಟವಾಯಿತು.

ಮರುದಿನ ಸಂಜೆ ಎಂದಿನಂತೆ ಕೊಳಕ್ಕೆ ಹೋದೆವು. ಅತ್ತೆ ಚುರಮರಿ ಕೊಂಡು, ಪೊಟ್ಟಣವನ್ನು ನನ್ನ ಕೈಗಿತ್ತರು.

"ಇವತ್ತ ನೀ ಹಾಕವಾ. ನನ್ನ ಕೈ ಬ್ಯಾಡ."

ನಾನು ನನ್ನ ಮುಂದಿನ ನೀರಿಗೆ ಹಿಡಿಹಿಡಿ ಎಸೆದೆ. ಕಾಳುಗಳು ತೇಲುತ್ತಲೇ ಇದ್ದವು. ಮೀನುಗಳು ಮಾತ್ರ ಅತ್ತೆಯ ನೆರಳಿನಲ್ಲೇ ಬಾಯಿ ತೆರೆದು ನಿಂತಿದ್ದವು.