ಸಹಾಯ ಕೇಂದ್ರದ ಎರಡು ಕುರ್ಚಿ

ಅರ್ಧ ಆಯುಷ್ಯ ಬಸ್ಸಿನಲ್ಲಿ ನಿಂತೇ ದುಡಿದವಳನ್ನು ಕುರ್ಚಿಯ ಮೇಲೆ ಕೂರಿಸಿದಾಗ ಅವಳಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಪ್ರಯಾಣಿಕರು ಅವಳನ್ನು ‘ರೈಟ್ ಅಕ್ಕ’ ಎನ್ನುತ್ತಿದ್ದರು. ಬಸ್ಸು ಹೊರಡಿಸಲು ಅವಳು ಹಿಂದಿನ ಬಾಗಿಲಲ್ಲಿ ‘ರೈಟ್’ ಎಂದು ಕೂಗಿದರೆ ಮುಂದೆ ನಿಂತ ಬಸ್ಸೂ ಹೊರಟುಬಿಡುತ್ತದೆ ಎಂಬ ತಮಾಷೆಯಿತ್ತು. ಈಗ ಬಸ್ಸು, ರೈಲು, ದೋಣಿ ಎಲ್ಲಕ್ಕೂ ಒಂದೇ ಕಾರ್ಡು ಬಂದಿತ್ತು. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಯಂತ್ರಕ್ಕೆ ತೋರಿಸಿದರೆ ಮುಗಿಯಿತು. ಕಂಡಕ್ಟರ್ ಬೇಕಿರಲಿಲ್ಲ. ಡಿಪೋದವರು ಅವಳ ಚರ್ಮದ ಚೀಲ ವಾಪಸ್ ಪಡೆದು, ರೈಲು ನಿಲ್ದಾಣದೊಳಗಿನ ಸಹಾಯ ಕೇಂದ್ರಕ್ಕೆ ಕಳಿಸಿದರು.

ಅಲ್ಲೊಂದು ಗಾಜಿನ ಕೋಣೆ. ಬಸ್ಸಿನ ಕಡೆಯವರಿಗೊಂದು ಕುರ್ಚಿ, ರೈಲಿನ ಕಡೆಯವರಿಗೊಂದು. ರೈಲಿನ ಕುರ್ಚಿಯಲ್ಲಿ ಅವಳ ಅಣ್ಣ ಕೂತಿದ್ದ.

ಅಮ್ಮ ತೀರಿಕೊಂಡ ದಿನ ಆಸ್ಪತ್ರೆಯ ಬಾಗಿಲಲ್ಲಿ, ನೆಂಟರ ಎದುರಿಗೇ, “ಈಗ ಬಂದ್ಯಾ? ಬಸ್ಸೇ ನಿನ್ನ ತಾಯಿ, ಅಲ್ಲೇ ಇರ್ಬೇಕಿತ್ತು” ಎಂದಿದ್ದ. ಅವಳು ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಳು. ಸುದ್ದಿ ಸಿಕ್ಕಿದ್ದೇ ಟ್ರಿಪ್ ಮುಗಿದ ಮೇಲೆ. ಅದನ್ನು ಹೇಳದೆ ಅವನನ್ನು ದಾಟಿ ಒಳಗೆ ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವಳಿಗೆ ಅಳುವೂ ಇಲ್ಲ. ಅಡುಗೆಗೆ ಉಪ್ಪು ಮರೆತರೆ ಗಂಡ ಮುಖ ಕಿವುಚುತ್ತಿದ್ದ, ಅವಳ ನಾಲಿಗೆಗೆ ತಿಳಿಯುತ್ತಲೇ ಇರಲಿಲ್ಲ. “ಒಂದ್ಸಲ ಅತ್ತುಬಿಡೇ, ಹಗುರಾಗತ್ತೆ” ಎಂದು ಅವನು ಹೇಳಿದರೆ, “ಹೂಂ” ಎಂದು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಸಹಾಯ ಕೇಂದ್ರದಲ್ಲೂ ಅಷ್ಟೇ. ಇಬ್ಬರೂ ಗಾಜಿನಾಚೆ ನೋಡುತ್ತ ಕೆಲಸ ಮಾಡಿದರು. ಹಾಗೇ ದಿನಗಳು ಹೋದವು.

ಒಂದು ಬೆಳಿಗ್ಗೆ ಟೈಲರಮ್ಮನೊಬ್ಬಳು ಬಟ್ಟೆಯ ಗಂಟು ಹೊತ್ತು ಬಂದಳು. ಬಸ್ಸಿಳಿದು ಅರ್ಧ ಗಂಟೆಯೊಳಗೆ ರೈಲು ಹತ್ತಿದರೆ ಒಂದೇ ಪ್ರಯಾಣವೆಂದು ಬೋರ್ಡಿನಲ್ಲಿತ್ತು. ಅವಳ ಕಾರ್ಡಿನಲ್ಲಿ ಎರಡು ಪ್ರಯಾಣದ ದುಡ್ಡು ಕಡಿತವಾಗಿತ್ತು.

“ಬಸ್ಸಿಂದು ಸರಿಯಾಗಿದೆ. ರೈಲಿನವರನ್ನ ಕೇಳಿ” ಎಂದಳು ರೈಟ್ ಅಕ್ಕ.

“ರೈಲಿಂದೂ ಸರಿಯಾಗಿದೆ. ಬಸ್ಸಿನವರನ್ನ ಕೇಳಿ” ಎಂದ ಅಣ್ಣ.

ಅತ್ತಿಂದಿತ್ತ ಓಡಾಡಿ ಸಾಕಾದ ಟೈಲರಮ್ಮ ಗಂಟನ್ನು ಮೇಜಿನ ಮೇಲೆ ಕುಕ್ಕಿದಳು. “ಮೊಳ ದೂರ ಕೂತಿದೀರಲ್ರೀ! ಬಾಯಿಗೆ ಹೊಲಿಗೆ ಹಾಕಿದಾರಾ? ಹೇಳಿ, ಬಿಚ್ಚಿಕೊಡ್ತೀನಿ.”

ಅಣ್ಣ ಪರದೆಯಿಂದ ಕಣ್ಣೆತ್ತದೆ ಕೇಳಿದ: “ಬಸ್ಸಿಳಿದಿದ್ದು ಎಷ್ಟೊತ್ತಿಗೆ ಅಂತಿದೆ?”

ರೈಟ್ ಅಕ್ಕ ತನ್ನ ಪರದೆ ನೋಡಿ ಹೇಳಿದಳು.

“ಹಾಗಾದ್ರೆ ನಮ್ಮ ಗೇಟಿನ ಗಡಿಯಾರ ಮುಂದಿದೆ. ನಾನು ಸರಿಮಾಡಿಸ್ತೀನಿ.”

ಟೈಲರಮ್ಮ ಹೋದ ಮೇಲೆ ಅಣ್ಣನೇ ಅಂದ: “ಅಮ್ಮನ ಕೋಣೆ ಖಾಲಿ ಮಾಡು ಅಂತಿದಾರೆ ಮನೆ ಮಾಲೀಕರು. ನನ್ನೊಬ್ಬನ ಕೈಲಿ ಆಗ್ತಿಲ್ಲ.”

“ಸಾಮಾನು ಜಾಸ್ತಿ ಇದ್ಯಾ?”

“ಸಾಮಾನಿಗಲ್ಲ ಕಣೇ.”

ರಜೆಯ ದಿನ ಹೋದರು. ಅವಳು ಬಟ್ಟೆ ಮಡಚಿದಳು, ಬಾಟಲಿಗಳಲ್ಲಿದ್ದ ಔಷಧಿಯನ್ನು ಬಚ್ಚಲಿಗೆ ಸುರಿದಳು, ಎಣ್ಣೆ ಹಿಡಿದ ದಿಂಬಿನ ಚೀಲ ಬಿಚ್ಚಿದಳು. ಈಗ ಅಳು ಬರಬಹುದು ಎಂದು ಕಾದಳು. ಬರಲಿಲ್ಲ.

ಅಣ್ಣ ಬರಿಮಂಚದ ಮೇಲೆ ಕೂತುಬಿಟ್ಟಿದ್ದ. “ಕೊನೇಲಿ ಅಮ್ಮಂಗೆ ಕಣ್ಣು ಕಾಣ್ತಿರ್ಲಿಲ್ಲ. ನನ್ನ ಕೈ ಹಿಡಿದು, ‘ಬಂದ್ಯಾ ಮಗಳೇ’ ಅಂದ್ಲು. ಹಗಲೂ ರಾತ್ರಿ ಕಾದು ಕೂತೋನು ನಾನು. ಆದ್ರೂ ಹೂಂ ಅಂದೆ. ಆ ಉರಿಲೇ ನಿನಗೆ ಹಾಗಂದೆ.”

ಅವಳು ದಿಂಬನ್ನು ಕೈಯಲ್ಲಿ ಹಿಡಿದೇ ನಿಂತಳು. ಸಿಟ್ಟು ಬರಬೇಕಿತ್ತೋ, ಅಳು ಬರಬೇಕಿತ್ತೋ, ಅವಳಿಗೆ ತಿಳಿಯಲಿಲ್ಲ. ಎರಡೂ ಎಲ್ಲೋ ದೂರದಲ್ಲಿ ನಿಂತಿದ್ದವು.

“ಹೂಂ ಅಂದಿದ್ದು ಒಳ್ಳೇದಾಯ್ತು ಅಣ್ಣ” ಎಂದಳು ಕೊನೆಗೆ. “ಏಳು, ಮಂಚದ ಆ ಕಡೆ ಹಿಡ್ಕೋ.”

ಮಂಚವನ್ನು ಪಕ್ಕದ ಮನೆಯವರಿಗೆ ಕೊಟ್ಟು, ಕೋಣೆ ಗುಡಿಸಿ, ಬೀಗ ಹಾಕಿದರು. ಅಳು ಆಮೇಲೂ ಬಹಳ ಕಾಲ ಬರಲಿಲ್ಲ. ಅವಳು ಕಾಯುವುದನ್ನು ಬಿಟ್ಟಳು. ಆದರೆ ಮರುದಿನದಿಂದ ಅಣ್ಣ ತಂಗಿ ಒಬ್ಬರಾದ ಮೇಲೊಬ್ಬರು ಊಟಕ್ಕೆ ಹೋಗುವ ಸರದಿ ಮುರಿದು ಒಟ್ಟಿಗೇ ಏಳತೊಡಗಿದರು. ಗಾಜಿನ ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ಬೀಳುತ್ತಿತ್ತು. ಸಾಲಿನಲ್ಲಿದ್ದವರು ಬೈಯುತ್ತಿದ್ದರು. ಇಬ್ಬರೂ ಉಂಡು, ಡಬ್ಬಿ ತೊಳೆದು, ತಿರುಗಿ ಬಂದು ಕೂರುತ್ತಿದ್ದರು.