ನೀನು ತಿಂದು ತಂದುಕೊಂಡದ್ದಲ್ಲ

ಸುಜಾತಾ, ನಿನ್ನ ರಕ್ತ ಪರೀಕ್ಷೆಯಲ್ಲಿ ಬೇರೇನೂ ಬಂದಿಲ್ಲ ಎಂದು ಅಂದು ನಾನು ಹೇಳಿದ್ದು ಸುಳ್ಳು. ಬಂದಿತ್ತು.

ನೀನು ಬನಹಟ್ಟಿಗೆ ಸೊಸೆಯಾಗಿ ಹೋದ ಮೇಲೆ ದಿನೇ ದಿನೇ ಸೊರಗುತ್ತಿದ್ದೆ. ಸಕ್ಕರೆ ಕಾಯಿಲೆ ಎಂದಾಗ, ಅವ್ವನಿಗಿದ್ದದ್ದೇ ನಿನಗೂ ಬಂತು ಎಂದುಕೊಂಡೆವು. ಜಮಖಂಡಿಯ ಡಾಕ್ಟರಿಗೆ ಮಾತ್ರ ಅನುಮಾನ — ಇಷ್ಟು ತೆಳ್ಳಗಿನ, ಚಿಕ್ಕ ವಯಸ್ಸಿನವಳಿಗೆ ಹೇಗೆ? ಆಂಟಿಬಾಡಿ ಪರೀಕ್ಷೆಗೆ ರಕ್ತ ಕಳಿಸಿದರು. ಫಲಿತಾಂಶ ಕೇಳಲು ಹೋದವಳು ನಾನು, ನಿನ್ನ ಅಕ್ಕ, ಅದೇ ಜಮಖಂಡಿಯ ಶಾಲೆಯ ಟೀಚರು.

ಅವರು ಬಿಡಿಸಿ ಹೇಳಿದರು. ಅವ್ವನದು ಬೇರೆ ಬಗೆ, ನಿನ್ನದು ಬೇರೆ. ರೋಗದಿಂದ ಕಾಯಬೇಕಾದ ನಿನ್ನ ದೇಹವೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಲ್ಲುತ್ತಿತ್ತು. ಅದರ ಗುರುತು ರಕ್ತದಲ್ಲಿ ಸಿಕ್ಕಿತ್ತು.

“ಇದು ತಿಂದು ಬಂದದ್ದಲ್ಲರೀ. ಗುಳಗಿ ಸಾಕಾಗೂದಿಲ್ಲ. ಇನ್ಸುಲಿನ್ ಸುರು ಮಾಡೂಣು, ತಡಾ ಮಾಡಬ್ಯಾಡ್ರಿ.”

ಆಗ ನನ್ನ ಮಗಳಿಗೆ ಮುಧೋಳದ ಸಂಬಂಧ ಕೂಡಿಬರುತ್ತಿತ್ತು. ಚಿಕ್ಕಮ್ಮ ದಿನಾ ಸೂಜಿ ಚುಚ್ಚಿಕೊಳ್ಳುತ್ತಾಳೆ, ಆ ಮನೆತನದ ರಕ್ತದಲ್ಲೇ ಏನೋ ದೋಷವಿದೆ ಎಂದು ಅವರು ಹಿಂದೆ ಸರಿದರೆ — ಅಷ್ಟೇ ಯೋಚಿಸಿದೆ. ಮದುವೆಯೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು... ನಿನಗೆ ಗುಳಿಗೆ ಸಾಕೆಂದೆ. ಆ ಡಾಕ್ಟರ ಕಡೆ ಮತ್ತೆ ಹೋಗುವುದು ಬೇಡ ಎಂದೂ ಸೇರಿಸಿದೆ.

ನೀನು ನಂಬಿದೆ. ಅನ್ನ ಬಿಟ್ಟೆ, ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೂ ಬಿಟ್ಟೆ. ಆದರೂ ರಕ್ತದ ಸಕ್ಕರೆ ಇಳಿಯಲಿಲ್ಲ. ಕದ್ದು ತಿನ್ನುತ್ತೀ ಎಂದು ನಿನ್ನ ಅತ್ತೆ ಬೆಲ್ಲದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನೀನು ನನಗೆ ಫೋನು ಮಾಡಿ ಕಣ್ಣೀರಿಟ್ಟೆ.

“ಅಕ್ಕಾ, ನಾ ಖರೇನ ಏನೂ ತಿನ್ನಾಕತ್ತಿಲ್ಲ.”

“ಹಂಗಾದ್ರ ಸಕ್ಕರಿ ಯಾಕ ಏರತೈತಿ ಬೇ?”

ಹಾಗೆ ಕೇಳಿದವಳು ನಾನು. ಯಾಕೆಂದು ಬಲ್ಲವಳೂ ನಾನೊಬ್ಬಳೇ.

ಮಗಳ ಮದುವೆಯಾಯಿತು. ಆಮೇಲೂ ಹೇಳಲಿಲ್ಲ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಿದರೆ — ಆ ಹೆದರಿಕೆ. ಅಷ್ಟರಲ್ಲಿ ನೀನು ಬಸುರಿ. ಐದು ತಿಂಗಳಿದ್ದಾಗ ವಾಂತಿ, ಏದುಸಿರು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎಚ್ಚರವೇ ಇರಲಿಲ್ಲ. ಅಲ್ಲಿ ಇನ್ಸುಲಿನ್ ಕೊಟ್ಟು ನಿನ್ನನ್ನು ಉಳಿಸಿದರು. ಕೂಸು ಉಳಿಯಲಿಲ್ಲ.

ಕಣ್ಣು ತೆರೆದವಳು ನನ್ನ ಕೈ ಹಿಡಿದು ಅಂದೆ: “ತಪ್ಪು ನಂದ ಅಕ್ಕಾ. ಹಬ್ಬದಾಗ ಒಂದು ಹೋಳಿಗಿ ತಿಂದಿದ್ನಿ.”

ನಾನು ನಿನ್ನ ತಲೆ ಸವರಿದೆ. ಅಲ್ಲ ಎನ್ನಲಿಲ್ಲ.

ಮತ್ತೆ ನಿನಗೆ ಮಕ್ಕಳಾಗಲಿಲ್ಲ. ಅಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಇದ್ದೀ, ಮಾಡಿದ ತಪ್ಪಿಗೆ ಶಿಕ್ಷೆ ಎಂಬಂತೆ. ಮೊನ್ನೆ ನನ್ನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದಕ್ಕೆ ಸಿಹಿ ಬಹಳ ಕೊಡಬೇಡಿರಿ, ನನ್ನ ಹಾಗಾದೀತು ಎಂದು ನನ್ನ ಮಗಳಿಗೆ ಮೆಲ್ಲಗೆ ಹೇಳಿದೆಯಲ್ಲ — ಅಡುಗೆ ಮನೆಯಲ್ಲಿ ನಿಂತು ಕೇಳಿದೆ.

ನಾಳೆ ಬನಹಟ್ಟಿಗೆ ಬರುತ್ತೇನೆ. ನಿನ್ನ ಗಂಡ, ನಿನ್ನ ಅತ್ತೆ ಇಬ್ಬರ ಎದುರಿಗೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ, ಆ ಬಾಯಿ ನನಗಿಲ್ಲ. ನಿನ್ನ ಕೂಸು ನಿನ್ನಿಂದ ಹೋಗಲಿಲ್ಲ, ನನ್ನಿಂದ ಹೋಯಿತು — ಇಷ್ಟನ್ನು ಹೇಳಲು.