ಅರುಂಧತಿ ಕಾಣದ ಕಣ್ಣು

ಮದುವೆಯಲ್ಲಿ ಅರುಂಧತಿಯನ್ನು ತೋರಿಸುವ ಶಾಸ್ತ್ರ ನೋಡಿದರೆ ಈಗಲೂ ನನಗೆ ಮೈ ಉರಿಯುತ್ತದೆ. ನಡುಮಧ್ಯಾಹ್ನ ಹೆಣ್ಣು-ಗಂಡುಗಳನ್ನು ಛತ್ರದ ಬಾಗಿಲಿಗೆ ಕರೆತಂದು, ಬಿಸಿಲಿನತ್ತ ಬೆರಳು ಮಾಡಿ, ಅರುಂಧತಿ ಕಂಡಳೇ ಎಂದು ಪುರೋಹಿತರು ಕೇಳುತ್ತಾರೆ. ಇಬ್ಬರೂ ಕಣ್ಣು ಕಿರಿದಾಗಿಸಿ 'ಕಂಡಳು' ಎನ್ನುತ್ತಾರೆ. ನಾನೂ ಹಾಗೇ ಎಂದಿದ್ದೆ, ನನ್ನ ಗಂಡನೂ ಎಂದಿದ್ದರು. ಸಂಸಾರದ ಮೊದಲ ದಿನವೇ ಜೋಡಿಯಾಗಿ ಸುಳ್ಳು ಹೇಳಿಸುವ ಜನ ನಾವು. ಆವತ್ತು ನನಗೆ ನಗು ಬಂದಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಅಮೆರಿಕದ ಕೆಂಡಲ್ ಪಾರ್ಕ್‌ನಲ್ಲಿದ್ದೆವು. ಗಂಡ ರೂಟ್ ಒನ್ ಹೆದ್ದಾರಿ ಹಿಡಿದು ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದರು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುತ್ತೇನೆ ಎಂದಾಗಲೆಲ್ಲ 'ನಾನಿದೀನಲ್ಲ' ಎಂದು ಬಾಯಿ ಮುಚ್ಚಿಸುತ್ತಿದ್ದರು. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಆ ಏಪ್ರಿಲ್‌ನಲ್ಲಿ ಅತ್ತೆ ಮೈಸೂರಿನಿಂದ ಬಂದು ಮೂರು ವಾರವಾಗಿತ್ತು.

ಮಗಳು ಲೈಬ್ರರಿಯಿಂದ ನಕ್ಷತ್ರಗಳ ಪುಸ್ತಕ ತಂದಿದ್ದಳು. ಒಂದು ಸಂಜೆ ಕತ್ತಲಾಗುತ್ತಲೇ, ಊಟಕ್ಕೂ ಬಿಡದೆ, ಎಲ್ಲರನ್ನೂ ಬ್ಯಾಕ್‌ಯಾರ್ಡಿಗೆ ಎಳೆದುಕೊಂಡು ಹೋದಳು. ಸಪ್ತರ್ಷಿಗಳು ನೆತ್ತಿಯ ಹತ್ತಿರ ಬಂದಿದ್ದರು. ಬಾಲದ ನಡುವೆ ವಸಿಷ್ಠ, ಅವನಿಗೆ ಅಂಟಿಕೊಂಡಂತೆ ಸಣ್ಣ ಚುಕ್ಕಿಯಾಗಿ ಅರುಂಧತಿ. ಅತ್ತೆ ಗಲ್ಲ ತಟ್ಟಿಕೊಂಡು ಕೈ ಮುಗಿದರು.

'ಅಜ್ಜಿ, ವಸಿಷ್ಠ ಈಸ್ ಆಕ್ಚುಯಲಿ ಫೋರ್ ಸ್ಟಾರ್ಸ್. ಇಟ್ಸ್ ಇನ್ ದ ಬುಕ್' ಎಂದಳು ಮಗಳು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. 'ನಾಲ್ಕಾ? ನಮ್ಮ ಕಣ್ಣಿಗೆ ಒಬ್ಬನೇ. ಋಷಿಗೆ ಅಷ್ಟು ದೊಡ್ಡ ಸಂಸಾರ ಯಾವಾಗ ಬಂತಮ್ಮ?' ಎಂದು ಅತ್ತೆ ನಕ್ಕರು. ಆಮೇಲೆ ಹಿರಿಯರ ಮಾತೊಂದನ್ನು ಹೇಳಿದರು. ಅರುಂಧತಿ ಯಾರ ಕಣ್ಣಿಗೆ ಕಾಣುವುದಿಲ್ಲವೋ ಅವರಿಗೆ ಉಳಿದಿರುವುದು ಆರೇ ತಿಂಗಳಂತೆ.

ಮಗಳು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. ಮಗನಿಗೆ ಕಂಡಿತು, ನನಗೆ ಕಂಡಿತು. ಅವರಪ್ಪ 'ಓ, ಕಾಣ್ತಾಳಲ್ಲ' ಎಂದರು. ಅವರ ಮುಖ ಪಕ್ಕದ ಮನೆಯ ಚಿಮಣಿಯ ಕಡೆಗಿತ್ತು. ಹುಡುಗಾಟ ಎಂದುಕೊಂಡು ನಾನು 'ರೀ, ಎಲ್ಲಿ, ಬೆರಳು ಮಾಡಿ ತೋರ್ಸಿ' ಎಂದೆ. ಕೈ ಎತ್ತಿದರು. ಬೆರಳು ಹೋದ ಕಡೆ ಒಂದು ನಕ್ಷತ್ರವೂ ಇರಲಿಲ್ಲ. ಮಗಳು ಅವರ ಮಣಿಕಟ್ಟು ಹಿಡಿದು ಸರಿಯಾದ ಕಡೆಗೆ ತಿರುಗಿಸಿದಳು. ಆಗಲೂ 'ಹಾಂ, ಅದೇ' ಎಂದರು.

ನನಗೆ ಒಂದೊಂದೇ ನೆನಪಾಯಿತು. ಜನವರಿಯಲ್ಲಿ ನಮ್ಮದೇ ಮೇಲ್‌ಬಾಕ್ಸಿಗೆ ಕಾರು ಗುದ್ದಿ ತಪ್ಪನ್ನು ರಸ್ತೆಯ ಐಸ್ ಮೇಲೆ ಹಾಕಿದ್ದರು. ಸಿನಿಮಾಕ್ಕೆ ಹೋದರೆ ಒಳಗೆ ಹೆಜ್ಜೆ ಇಟ್ಟ ಕೂಡಲೇ ನನ್ನ ತೋಳು ಹಿಡಿಯುತ್ತಿದ್ದರು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ, ಮಂಕುದಿಣ್ಣೆ. ಚಳಿಗಾಲದುದ್ದಕ್ಕೂ ಪ್ರತಿ ಶನಿವಾರ ಸಂಜೆ ಕನ್ನಡ ತರಗತಿಯಿಂದ ಮಕ್ಕಳನ್ನು ಕತ್ತಲಲ್ಲಿ ಕರೆತರುತ್ತಿದ್ದವರು ಇವರೇ. ಮಗ ಹಟ ಮಾಡಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ.

'ನಿಮಗೆ ಕತ್ತಲಲ್ಲಿ ಕಾಣ್ಸಲ್ಲ, ಅಲ್ವಾ?' ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಅತ್ತೆ ನಡುವೆ ಬಂದರು. 'ಬಿಡ್ತು ಅನ್ನು. ಕಾಣ್ತು ಅಂದ ಮೇಲೆ ಕಾಣ್ತು. ಮುತ್ತೈದೆ ಬಾಯಲ್ಲಿ ಬರೋ ಮಾತೇನೆ ಇದು?'

ಆರು ತಿಂಗಳ ಮಾತಿಗೆ ಹೆದರಿದ್ದಾರೆ ಎಂದುಕೊಂಡೆ. ಮಾರನೆಯ ದಿನದಿಂದ ಅತ್ತೆ ದೇವರ ಮುಂದೆ ಕೂತು ಮೃತ್ಯುಂಜಯ ಜಪ ಶುರು ಮಾಡಿದರು. ಕಣ್ಣಿಗೆ ರೋಗ ಬಂದರೆ ಬಾಯಿಗೆ ಮಂತ್ರ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಶನಿವಾರ ಬಂದಾಗ ಕಾರಿನ ಕೀಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು, ಮಕ್ಕಳು ತರಗತಿಗೆ ಹೋಗುವುದಿಲ್ಲ ಎಂದೆ.

'ಹನ್ನೆರಡು ವರ್ಷದಿಂದ ಡ್ರೈವ್ ಮಾಡ್ತಿದೀನಿ ನಾನು' ಎಂದು ಗಂಡ ಕೂಗಾಡಿದರು.

'ಕತ್ತಲಲ್ಲಿ ಮಾಡಿದ್ದು ನೀವಲ್ಲ, ದೇವರು' ಎಂದೆ. 'ಕಣ್ಣು ತೋರ್ಸಿ ಬನ್ನಿ. ಅಲ್ಲೀವರೆಗೆ ಈ ಮಕ್ಕಳು ನಿಮ್ಮ ಕಾರು ಹತ್ತಲ್ಲ.'

ಮುಂದಿನ ಎರಡು ಶನಿವಾರವೂ ಕೀ ಅಕ್ಕಿ ಡಬ್ಬ ಸೇರಿತು. ಕೊನೆಗೆ ಒಂದು ಬೆಳಿಗ್ಗೆ, ಬೆಳಕಿನಲ್ಲಿ, ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಮನೆಯಲ್ಲಿ ಒಬ್ಬರೇ ಇರಲಾರೆ ಎಂದು ಅತ್ತೆಯೂ ಬಂದರು. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಇರುಳುಗುರುಡು ಮಾತ್ರವಲ್ಲ, ಅಕ್ಕಪಕ್ಕದ ನೋಟವೂ ಕಿರಿದಾಗುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು. ಇದು ವಂಶದಲ್ಲಿ ಬರುವ ರೋಗ, ನಿಮ್ಮ ತಂದೆಗೆ ಹೀಗೆ ಇತ್ತೇ ಎಂದು ಕೇಳಿದರು.

'ನೋ' ಎಂದರು ಗಂಡ, ನೆಲ ನೋಡುತ್ತಾ.

ಅತ್ತೆ 'ಏನಂತೆ?' ಎಂದು ನನ್ನನ್ನು ಕೇಳಿದರು. ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದ ಮಾವನವರನ್ನು ನಾನು ಕಂಡವಳೇ ಅಲ್ಲ. 'ಮಾವನವರಿಗೆ ಕತ್ತಲಲ್ಲಿ ಕಾಣ್ಸ್ತಿತ್ತಾ ಅಂತ ಕೇಳ್ತಿದಾರೆ' ಎಂದೆ.

ಅವರು ಸೆರಗು ಸರಿಮಾಡಿಕೊಂಡರು. 'ದೀಪ ಹಚ್ಚಿದ ಮೇಲೆ ಅವರು ಹೊಸಿಲು ದಾಟ್ತಿರಲಿಲ್ಲ' ಎಂದರು. ಗಂಡ ತಲೆ ಎತ್ತಲಿಲ್ಲ. ಅವರಿಗೂ ಗೊತ್ತಿತ್ತು. ತಾಯಿಗೆ ಗೊತ್ತಿತ್ತು, ಮಗನಿಗೆ ಗೊತ್ತಿತ್ತು, ಗೊತ್ತಿಲ್ಲದೆ ಅವರ ಮಕ್ಕಳನ್ನು ಹೆತ್ತವಳು ನಾನೊಬ್ಬಳೇ.

'ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?' ಎಂದು ಅತ್ತೆ ನನ್ನನ್ನೇ ಕೇಳಿದರು.

'ಕೊಡದಿದ್ರೂ ನಾನು ಬರ್ತಿದ್ನೋ ಏನೋ, ಅತ್ತೆ' ಎಂದೆ. 'ಮಕ್ಕಳನ್ನ ಮಾತ್ರ ಆ ಕಾರಲ್ಲಿ ಕೂರಿಸ್ತಿರಲಿಲ್ಲ.'

ನಮ್ಮ ಮಾತು ಮುಗಿಯಲೆಂದು ಡಾಕ್ಟರು ಕಾದಿದ್ದರು. ನಾನು ಅವರ ಕಡೆ ತಿರುಗಿ 'ಯೆಸ್, ಹಿಸ್ ಫಾದರ್ ಟೂ' ಎಂದೆ. ಅವರು ಅದನ್ನು ಬರೆದುಕೊಂಡರು. ಆಮೇಲೆ, ಪೆನ್ನು ಕೆಳಗಿಡದೆ, ನಿಮಗೆ ಮಕ್ಕಳೆಷ್ಟು ಎಂದು ಕೇಳಿದರು.